ಶುದ್ಧವೇನೋ ಸರಿ, ಖಾಲಿಯೇ?

ಎಸ್‌ಡಿಎಸ್ ಎಂಬ ಮಾರ್ಜಕ ಬಳಸಿ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ 15 ಕಿಲೋಡಾಲ್ಟನ್ (ಅಣುತೂಕದ ಅಳತೆ) ಹತ್ತಿರ ಒಂದೇ ಪಟ್ಟಿ ಕಂಡರೆ ಸಾಕು, ಕೊಬ್ಬಿನಾಮ್ಲ ಹಿಡಿಯುವ ಪ್ರೋಟೀನ್ ಶುದ್ಧವಾಯಿತೆಂದು ಸಂಶೋಧನಾ ವಿದ್ಯಾರ್ಥಿಗಳು ನೇರ ಬೈಂಡಿಂಗ್ ಪ್ರಯೋಗಕ್ಕೆ, ಅಂದರೆ ಅದಕ್ಕೆ ಎಷ್ಟು ಕೊಬ್ಬಿನಾಮ್ಲ ಅಂಟುತ್ತದೆಂದು ಅಳೆಯಲು, ಇಳಿಯುತ್ತಾರೆ. ಒಂದು ಕೊಬ್ಬಿನಾಮ್ಲ ಕೂರಬೇಕಾದಲ್ಲಿ ಪ್ರೋಟೀನ್ ಒಂದಕ್ಕೆ 0.4 ಎಂಬ ಲೆಕ್ಕ ಬರುತ್ತದೆ. ಆಗ ‘ಅರ್ಧ ಪ್ರೋಟೀನ್ ಸತ್ತುಹೋಗಿದೆ ಸಾರ್’ ಎಂಬ ಅಳಲು. ಸತ್ತಿಲ್ಲ ಮಾರಾಯರೇ, ಬಹುಶಃ ಅದರ ಹೊಟ್ಟೆ ಮೊದಲೇ ತುಂಬಿದೆ.

ನಮ್ಮ ಹೃದಯದ ಸ್ನಾಯು, ಮಿಡತೆಯ ಹಾರಾಟದ ಸ್ನಾಯು, ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳು ಎಲ್ಲದರಲ್ಲೂ ಕೊಬ್ಬಿನಾಮ್ಲ ಹಿಡಿಯುವ ಈ ಪ್ರೋಟೀನಿನ ಅಚ್ಚು ಒಂದೇ: ಹತ್ತು ಬೀಟಾ ಎಳೆಗಳ ಪೀಪಾಯಿ, ಬಾಯಿಗೆ ಎರಡು ಹೆಲಿಕ್ಸ್ (ಸುರುಳಿ). ಕೊಬ್ಬಿನಾಮ್ಲವನ್ನು ತಾನೇ ತಯಾರಿಸಲಾಗದ ಶಿಸ್ಟೊಸೋಮಾ ನಮ್ಮದನ್ನೇ ಕದಿಯಬೇಕು. ಬ್ರೆಜಿಲ್‌ನವರು ಅದರ ಎಸ್‌ಎಂ14 ಪ್ರೋಟೀನನ್ನು ಲಸಿಕೆಗೆ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಜಿಡ್ಡು ಹಿಡಿಯುವುದೇ ಕಸುಬಾದ ಇಂಥದ್ದನ್ನು ಇ. ಕೋಲಿಯಲ್ಲಿ ಬೆಳೆಸಿದರೆ ಬ್ಯಾಕ್ಟೀರಿಯಾದ ಜಿಡ್ಡನ್ನು ಬಿಟ್ಟೀತೇ? ಪ್ರೋಟೀನನ್ನು ಶುದ್ಧೀಕರಿಸುವ ನಿಕ್ಕಲ್ ಕಾಲಮ್ಮು ಬೇರೆ ಪ್ರೋಟೀನುಗಳನ್ನು ತೊಳೆಯುತ್ತದೆ, ಒಳಗಿನ ಕೊಬ್ಬನ್ನಲ್ಲ. ಜೆಲ್‌ನಲ್ಲೂ ಅದು ಕಾಣದು. ಎಸ್‌ಡಿಎಸ್ ಪ್ರೋಟೀನನ್ನು ಬಿಚ್ಚಿ ಕೊಬ್ಬನ್ನು ಹೊರಗೆಳೆದಿರುತ್ತದೆ.

ಆದ್ದರಿಂದ ಮೊದಲು ಕೊಬ್ಬನ್ನು ಹೀರುವ ಲಿಪಿಡೆಕ್ಸ್-1000 ಕಾಲಮ್ಮಿನಲ್ಲಿ ಹಾಯಿಸಿ, 37 ಡಿಗ್ರಿಯಲ್ಲಿ. ಎಡವುವುದು ಇಲ್ಲೇ: ಪ್ರೋಟೀನ್ ಕೆಟ್ಟೀತೆಂದು ಕಾಲಮ್ಮನ್ನು ಕೋಲ್ಡ್ ರೂಮಿಗೆ ಒಯ್ಯುತ್ತಾರೆ. ಮಂಜಿನ ತಣುವಿನಲ್ಲಿ ಲಿಪಿಡೆಕ್ಸ್ ಬಿಡಿ ಕೊಬ್ಬಿನಾಮ್ಲವನ್ನಷ್ಟೇ ಎಳೆದುಕೊಳ್ಳುತ್ತದೆ, ಪ್ರೋಟೀನಿಗೆ ಅಂಟಿದ್ದು ಅಲ್ಲೇ ಉಳಿಯುತ್ತದೆ. ಬಿಸಿ ಬೇಕು. ರಕ್ತದಲ್ಲಿ ಕೊಬ್ಬಿನಾಮ್ಲ ಹೊರುವ ಆಲ್ಬ್ಯುಮಿನ್ ಮಾತ್ರ ಬೇರೆ ಜಾತಿ: 10 ಗ್ರಾಂ ಆಲ್ಬ್ಯುಮಿನ್‌ಗೆ 5 ಗ್ರಾಂ ಇದ್ದಿಲು, ಪಿಎಚ್ 3, ಮಂಜಿನ ಮೇಲೆ ಒಂದು ಗಂಟೆ ಕಲಕಿ, ಇದ್ದಿಲನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ, ಪಿಎಚ್ 7ಕ್ಕೆ ತನ್ನಿ. ಆಮ್ಲದಲ್ಲಿ ಆಲ್ಬ್ಯುಮಿನ್ ಸಡಿಲವಾಗಿ ಕೊಬ್ಬನ್ನು ಬಿಡುತ್ತದೆ. ಇದೇ ಆಮ್ಲದ ವಿಧಾನವನ್ನು ಪೀಪಾಯಿ ಪ್ರೋಟೀನಿನ ಮೇಲೆ ಕಣ್ಣುಮುಚ್ಚಿ ಪ್ರಯೋಗಿಸಬೇಡಿ.

ಖಾಲಿಯಾಯಿತೇ ಎಂದು ಪರೀಕ್ಷಿಸಿ: ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಕೊಬ್ಬು ಎಳೆದು, ಮೀಥೈಲ್ ಎಸ್ಟರ್ ಮಾಡಿ, ಅವನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಹಾಕಿ. ಪ್ರೋಟೀನನ್ನು ಬಿಚ್ಚದೆ ತೂಗುವ ನೇಟಿವ್ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ 282 ಡಾಲ್ಟನ್ ಹೆಚ್ಚು ಕಂಡೊಡನೆ ‘ಮಿಡತೆಯ ಪ್ರೋಟೀನಿಗೆ ಓಲಿಯಿಕ್ ಆಮ್ಲ ಇಷ್ಟ’ ಎಂದು ಬರೆದುಬಿಡಬೇಡಿ. ಇ. ಕೋಲಿ ತಯಾರಿಸುವ ಸಿಸ್-ವ್ಯಾಕ್ಸೆನಿಕ್ ಆಮ್ಲದ ತೂಕವೂ 282. ದ್ವಿಬಂಧ ಮಾತ್ರ 9ರ ಬದಲು 11ನೇ ಇಂಗಾಲದಲ್ಲಿ. ತೂಕವೊಂದನ್ನೇ ನಂಬಿದರೆ ಇವೆರಡನ್ನು ಬೇರ್ಪಡಿಸಲಾಗದು.

ಇನ್ನು ಕೊಬ್ಬಿನಾಮ್ಲವನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಅಳೆಯುವ ಟೈಟ್ರೇಶನ್‌ಗೆ ಅದನ್ನು ಎಥನಾಲ್‌ನಲ್ಲಿ ಕರಗಿಸಿ, ಅಳೆಯುವ ಪುಟ್ಟ ಪಾತ್ರೆಯಾದ ಕ್ಯುವೆಟ್‌ನಲ್ಲಿ ಎಥನಾಲ್ ಶೇ. 1 ದಾಟದಿರಲಿ. ಗಾಜಿನ ಶೀಸೆಯನ್ನೇ ಬಳಸಿ. ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಂಡ ಕೊಬ್ಬನ್ನೂ ನೀವು ಪ್ರೋಟೀನಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ.