ಸರ್, ಬೀದಿ ಜಗಳಕ್ಕೆ ಯಾವ ವಿದ್ಯೆ ಆಗುತ್ತೆ?

ತಿಂಗಳು ಕಳೆಯುವಷ್ಟರಲ್ಲಿ ಈ ಪ್ರಶ್ನೆ ಇನ್ನೊಂದು ಸಲ ಬಂದೇ ಬರುತ್ತದೆ. ಕೇಳುವವರು ಬೇರೆ, ಪ್ರಶ್ನೆ ಅದೇ. ಈ ಸಲದ್ದು ಹೀಗಿದೆ:

“ಸರ್, ಸ್ಪರ್ಧೆ ಗಿರ್ಧೆ ನನಗೆ ಬೇಡ. ಯಾರಾದರೂ ಮೈಮೇಲೆ ಬಿದ್ದರೆ ತಪ್ಪಿಸಿಕೊಂಡು ಬರುವಷ್ಟು ಬಂದರೆ ಸಾಕು. ಕರಾಟೆ, ಕುಂಗ್ ಫು, ಕ್ರಾವ್ ಮಗಾ, ಬಾಕ್ಸಿಂಗ್, ಯಾವುದಕ್ಕೆ ಸೇರಲಿ? ಬಾಕ್ಸಿಂಗ್, ಜೂಡೊ ಎಲ್ಲ ಬರೀ ಆಟ, ಅದರಲ್ಲಿ ನಿಯಮ ಇರುತ್ತೆ, ಬೀದಿಯಲ್ಲಿ ನಡೆಯಲ್ಲ ಅಂತಾರೆ. ನಿಜವಾ?”

ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು. ಹೊಡೆಯೋದಕ್ಕೆ, ಹೊಡೆತ ತಪ್ಪಿಸಿಕೊಳ್ಳೋದಕ್ಕೆ ಬಾಕ್ಸಿಂಗ್ ಅಥವಾ ಥಾಯ್ಲೆಂಡಿನ ಮುಯ್ ಥಾಯ್. ಹಿಡಿಯೋದಕ್ಕೆ, ಬಿಡಿಸಿಕೊಳ್ಳೋದಕ್ಕೆ ಜೂಡೊ, ಕುಸ್ತಿ ಅಥವಾ ಬ್ರೆಜಿಲಿಯನ್ ಜಿಯು-ಜಿತ್ಸು. ಎರಡೂ ಕಡೆಯಿಂದ ಒಂದೊಂದು ಕಲಿತರೆ ಒಳ್ಳೆಯದು. ಒಂದೇ ಹೇಳಿ ಅಂತ ಹಟ ಹಿಡಿದರೆ ಜೂಡೊ ಅಂತೀನಿ. ಜಗಳಕ್ಕೆ ಬಂದವನು ಮೊದಲು ಕಾಲರಿಗೇ ಕೈ ಹಾಕುತ್ತಾನೆ. ಬಟ್ಟೆ ಎಲ್ಲರ ಮೈಮೇಲೂ ಇರುತ್ತದೆ. ಅವನನ್ನು ಕೆಡವಿ ನೀವು ನಿಂತೇ ಇದ್ದರೆ ಜಾಗ ಖಾಲಿ ಮಾಡೋದು ಸುಲಭ. ಹತ್ತಿರದಲ್ಲಿ ಜೂಡೊ ಇಲ್ಲ, ಜೋರಾಗಿ ಸ್ಪಾರಿಂಗ್, ಅಂದರೆ ಎದುರಾಳಿ ಜೊತೆ ಹೊಡೆದಾಡುವ ಅಭ್ಯಾಸ, ಮಾಡಿಸುವ ಕರಾಟೆ ತರಗತಿ ಇದೆ ಅಂದರೆ ಸುಮ್ನೆ ಅದಕ್ಕೇ ಸೇರಿ. ಬೋರ್ಡಿನ ಮೇಲಿನ ಹೆಸರಿಗಿಂತ ಒಳಗೆ ಏನು ಮಾಡಿಸುತ್ತಾರೆ ಅನ್ನೋದು ಮುಖ್ಯ.

ಎರಡನೇ ಅರ್ಧ ಇದೆಯಲ್ಲ, “ನಿಯಮ ಇರುತ್ತೆ, ಬೀದಿಯಲ್ಲಿ ನಡೆಯಲ್ಲ” ಅನ್ನೋದು, ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಇದರ ಪೂರ್ತಿ ಪಾಠ ಹೀಗಿರುತ್ತದೆ: “ನಮ್ಮದು ಪ್ರಾಣ ತೆಗೆಯುವ ವಿದ್ಯೆ. ಕಣ್ಣು, ಗಂಟಲು, ಮರ್ಮಸ್ಥಾನ. ಜೋರಾಗಿ ಅಭ್ಯಾಸ ಮಾಡಿದರೆ ಎದುರಿಗಿದ್ದವನು ಸತ್ತೇ ಹೋಗುತ್ತಾನೆ. ಅದಕ್ಕೇ ನಾವು ಸ್ಪರ್ಧೆಗೆ ಇಳಿಯಲ್ಲ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಂಥ ತರಗತಿಯಲ್ಲಿ ಒಂದು ಸಂಜೆ ಕೂತು ನೋಡಿ. ಗುರುಗಳು ಒಬ್ಬ ಹುಡುಗನನ್ನು ಕರೆಯುತ್ತಾರೆ. ಅವನು ಬಂದು ಅವರ ಬಲ ಮಣಿಕಟ್ಟು ಹಿಡಿಯುತ್ತಾನೆ. ಹಿಡಿದು ಅಲ್ಲೇ ನಿಲ್ಲುತ್ತಾನೆ. ಹಿಡಿದ ಕೈ ನೆಟ್ಟಗೆ ಚಾಚಿರುತ್ತದೆ, ಇನ್ನೊಂದು ಕೈ ತೊಡೆಯ ಪಕ್ಕ ಇಳಿಬಿದ್ದಿರುತ್ತದೆ. ಗುರುಗಳು ಅವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಬಿಡಿಸಿಕೊಳ್ಳುತ್ತಾರೆ. ಮಣಿಕಟ್ಟು ತಿರುಚುತ್ತಾರೆ. ಗಂಟಲಿಗೆ ಒಂದು ಏಟು ಹೊಡೆದ ಹಾಗೆ, ಕಣ್ಣಿಗೆ ಬೆರಳು ಹಾಕಿದ ಹಾಗೆ ತೋರಿಸುತ್ತಾರೆ. ಹುಡುಗ ಪ್ರತಿಯೊಂದಕ್ಕೂ ಕತ್ತು ಹಿಂದಕ್ಕೆ ಎಸೆಯುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ಹೆಬ್ಬೆರಳಿನ ಕಡೆ ಬಿಡಿಸಿಕೊಳ್ಳೋದು ಸುಳ್ಳಲ್ಲ, ಹಿಡಿತ ಸಡಿಲ ಇರೋದು ಅಲ್ಲೇ. ಆದರೆ ಸಿಟ್ಟಿನಿಂದ ಕೈ ಹಿಡಿಯುವವನು ಹಿಡಿದುಕೊಂಡು ಕಾಯುತ್ತಾ ನಿಲ್ಲೋದಿಲ್ಲ. ಹಿಡಿಯುತ್ತಲೇ ಎಳೆಯುತ್ತಾನೆ. ನೀವು ತಿರುಚಲು ಹೊರಡುವಷ್ಟರಲ್ಲಿ ಇನ್ನೊಂದು ಕೈಯಿಂದ ಬಾರಿಸಿರುತ್ತಾನೆ. ಆ ಇನ್ನೊಂದು ಕೈ ಏನು ಮಾಡುತ್ತಿದೆ ಅಂತ ಗಮನಿಸಿ, ತರಗತಿಯ ಬಂಡವಾಳ ಗೊತ್ತಾಗುತ್ತದೆ.

ಈ ವಾದ ಹೊಸದೇನಲ್ಲ. ಜಪಾನಿನಲ್ಲಿ ನೂರು ವರ್ಷಕ್ಕೂ ಹಿಂದೆಯೇ ಇದು ತೀರ್ಮಾನ ಆಗಿದೆ. 1882ರಲ್ಲಿ ಜಿಗೊರೊ ಕಾನೊ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ 12 ಚಾಪೆಯಷ್ಟು ಜಾಗದಲ್ಲಿ ಕೊಡೊಕಾನ್ ಅನ್ನುವ ಶಾಲೆ ಶುರು ಮಾಡಿದರು. ಜೂಡೊ ಹುಟ್ಟಿದ್ದು ಅಲ್ಲೇ. ಆಗ ಅವರಿಗೆ 21 ವರ್ಷ. ಜಪಾನಿನ ಹಳೇ ಕಾಳಗ ವಿದ್ಯೆಯಾದ ಜುಜುತ್ಸುವಿನಲ್ಲಿ ಮೂಳೆ ಮುರಿಯುವ, ಮರ್ಮಕ್ಕೆ ಹೊಡೆಯುವ ಪಟ್ಟುಗಳು ಬೇಕಾದಷ್ಟಿದ್ದವು. ಕಾನೊ ಅವನ್ನು ಕತಾ, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡರು. ಮಿಕ್ಕ ಪಟ್ಟುಗಳನ್ನು ರಂದೋರಿಯಲ್ಲಿ ಆಡಿಸಿದರು. ರಂದೋರಿ ಅಂದರೆ ಇಬ್ಬರೂ ಪೂರ್ತಿ ಬಲ ಹಾಕಿ ಒಬ್ಬರನ್ನೊಬ್ಬರು ಕೆಡವಲು ನೋಡೋದು. ಪಟ್ಟು ಕಡಿಮೆ, ಅಭ್ಯಾಸ ಜಾಸ್ತಿ. ಕೆಲವೇ ವರ್ಷಗಳಲ್ಲಿ ಟೋಕಿಯೊ ಪೊಲೀಸರ ಮುಂದೆ ಪಂದ್ಯಗಳು ನಡೆದವು. ಹಳೇ ಪಂಥಗಳ ಘಟಾನುಘಟಿಗಳನ್ನು ಕೊಡೊಕಾನ್ ಹುಡುಗರು ಎತ್ತಿ ಒಗೆದರು. ಪ್ರಾಣ ತೆಗೆಯುವ ಪಟ್ಟು ಗೊತ್ತಿದ್ದವರು ಅವರು, ದಿನಾ ಬಿದ್ದು ಎದ್ದು ಅಭ್ಯಾಸ ಇದ್ದವರು ಇವರು.

ಅಲ್ಲಿ ಕಣ್ಣಿಗೆ ಚುಚ್ಚಲು ಬಿಡುತ್ತಿರಲಿಲ್ಲವಲ್ಲ ಸರ್, ಅನ್ನುತ್ತೀರಿ. ಗೊತ್ತಿತ್ತು.

ಸರಿ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆಯಿತು, ಬೇರೆ ಬೇರೆ ವಿದ್ಯೆಯವರನ್ನು ಒಬ್ಬರ ಮೇಲೊಬ್ಬರನ್ನು ಬಿಡುವ ಪಂದ್ಯಾವಳಿ. ತೂಕದ ವಿಭಾಗ ಇರಲಿಲ್ಲ. ಕಚ್ಚಬಾರದು, ಕಣ್ಣಿಗೆ ಚುಚ್ಚಬಾರದು ಅನ್ನುವಂಥ ಒಂದೆರಡು ಷರತ್ತು ಬಿಟ್ಟರೆ ನಿಯಮ ಅನ್ನೋದೇ ಕಡಿಮೆ. ಸುಮಾರು 80 ಕಿಲೋ ತೂಕದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಅವರದು ಬ್ರೆಜಿಲಿಯನ್ ಜಿಯು-ಜಿತ್ಸು, ಕಾನೊ ಅವರ ಶಿಷ್ಯ ಪರಂಪರೆಯಿಂದಲೇ ಬ್ರೆಜಿಲಿಗೆ ಹೋದ ವಿದ್ಯೆ. ಫೈನಲ್‌ನಲ್ಲಿ ಎದುರಾಳಿ ಜೆರಾರ್ಡ್ ಗೋರ್ಡೋ ನಿಯಮ ಮುರಿದು ಗ್ರೇಸಿಯ ಕಿವಿ ಕಚ್ಚಿದರು. ಗ್ರೇಸಿ ಹಿಂದಿನಿಂದ ಕುತ್ತಿಗೆ ಬಿಗಿದರು. ಗೋರ್ಡೋ ಸೋಲೊಪ್ಪಿಕೊಂಡ ಮೇಲೂ ತಕ್ಷಣ ಬಿಡಲಿಲ್ಲ. ಕಚ್ಚಿದ್ದರಿಂದ ಆದ ಲಾಭ ಅಷ್ಟೇ.

ಅದೇ ಗೋರ್ಡೋ 1995ರ ಏಪ್ರಿಲ್‌ನಲ್ಲಿ ಟೋಕಿಯೊದ ಬುಡೊಕಾನ್‌ನಲ್ಲಿ ಯೂಕಿ ನಕಾಯ್ ಎದುರು ಆಡಿದರು. ನಕಾಯ್ ಗೋರ್ಡೋಗಿಂತ ತುಂಬಾ ಗಿಡ್ಡ, ತೂಕವೂ ಬಹಳ ಕಡಿಮೆ. ಗೋರ್ಡೋ ಅಲ್ಲೂ ನಿಯಮ ಮುರಿದು ಕಣ್ಣಿಗೆ ಬೆರಳು ಹಾಕಿದರು. ನಕಾಯ್ ಅವರ ಬಲಗಣ್ಣು ಶಾಶ್ವತವಾಗಿ ಹೋಯಿತು. ಆದರೂ ಗೋರ್ಡೋ ಅವರ ಕಾಲು ಹಿಡಿದು ಹಿಮ್ಮಡಿ ತಿರುಚಿ ಗೆದ್ದದ್ದು ನಕಾಯ್. ಅದೇ ರಾತ್ರಿ ಇನ್ನೊಬ್ಬ ದೈತ್ಯನನ್ನು ಸೋಲಿಸಿ ಫೈನಲ್‌ಗೂ ಹೋದರು.

ಕಣ್ಣಿಗೆ ಚುಚ್ಚಿದರೆ ಏನೂ ಆಗಲ್ಲ ಅಂತ ಇದನ್ನು ಓದಬೇಡಿ. ಒಬ್ಬ ಮನುಷ್ಯ ಒಂದು ಕಣ್ಣನ್ನೇ ಕಳೆದುಕೊಂಡ. ಆದರೆ ಜಗಳ ಅಲ್ಲಿಗೆ ನಿಲ್ಲಲಿಲ್ಲ. “ಒಂದು ಚುಚ್ಚಿದರೆ ಮುಗೀತು” ಅನ್ನುವ ಭರವಸೆ ಮೇಲೆ ನೀವು ದುಡ್ಡು ಕಟ್ಟುತ್ತಿದ್ದೀರಿ ಅಲ್ವಾ, ಆ ಭರವಸೆ ಸುಳ್ಳು. ತೊಡೆಸಂದಿಯ ಮರ್ಮಸ್ಥಾನದ ಕಥೆಯೂ ಇದೇ. 1994ರ ಡಿಸೆಂಬರಿನ ಯುಎಫ್‌ಸಿ 4ರಲ್ಲಿ ಅಲ್ಲಿಗೆ ಹೊಡೆಯಲು ಅವಕಾಶ ಇತ್ತು. ಕೀತ್ ಹ್ಯಾಕ್ನಿ ಕೆಳಗಿದ್ದವನ ಮರ್ಮಕ್ಕೆ ಒಂದರ ಮೇಲೊಂದು ಗುದ್ದು ಹಾಕಿದರು. ಅವನು ಮೊದಲ ಗುದ್ದಿಗೇ ಹಿಡಿತ ಬಿಡಲಿಲ್ಲ. ಕೊನೆಗೆ ಸೋಲೊಪ್ಪಿದ್ದು ಗಂಟಲು ಒತ್ತಿದಾಗ.

ಇನ್ನೊಂದು ಮಾತು. ಬೀದಿಯಲ್ಲಿ ನಿಯಮ ಇಲ್ಲ ಅಂದರೆ ಇಬ್ಬರಿಗೂ ಇಲ್ಲ. ಬಾಕ್ಸರನಿಗೂ ಬೆರಳುಗಳಿವೆ, ಪೈಲ್ವಾನನಿಗೂ ಹಲ್ಲುಗಳಿವೆ. ನಿಮ್ಮ ಎದೆ ಮೇಲೆ ಕೂತವನ ಕಣ್ಣಿಗೆ ನಿಮ್ಮ ಕೈ ಎಟುಕೋದು ಕಷ್ಟ, ಅವನ ಕೈ ನಿಮ್ಮ ಕಣ್ಣಿಗೆ ಆರಾಮಾಗಿ ಎಟುಕುತ್ತದೆ. ಮೋಸದ ಏಟು ಹೊಡೆಯಲೂ ಮೊದಲು ಒಳ್ಳೇ ಜಾಗ ಹಿಡಿದಿರಬೇಕು. ಆ ಜಾಗ ಹಿಡಿಯೋದನ್ನು ಕಲಿಸುವುದೇ ಈ “ಬರೀ ಆಟ”ಗಳು. ಚಲಿಸುವ ಮುಖಕ್ಕೆ ಮುಷ್ಟಿಯಿಂದ ಹೊಡೆಯಲು ಬಾರದವನು ಅದೇ ಮುಖದ ಮೇಲಿನ ಕಣ್ಣಿಗೆ ಬೆರಳು ಗುರಿ ಇಡುತ್ತೀನಿ ಅಂದರೆ ನಾನು ಏನು ಹೇಳಲಿ?

ಕ್ರಾವ್ ಮಗಾ ಅಭಿಮಾನಿಗಳು ಮುನಿಸಿಕೊಳ್ಳುವ ಮೊದಲು ಒಂದು ವಿಷಯ. ಇಸ್ರೇಲಿನ ಆ ಆತ್ಮರಕ್ಷಣೆ ವಿದ್ಯೆಯನ್ನು ಕಟ್ಟಿದ ಇಮಿ ಲಿಖ್ಟೆನ್‌ಫೆಲ್ಡ್ ಸ್ವತಃ ಬಾಕ್ಸಿಂಗ್ ಮತ್ತು ಕುಸ್ತಿ ಪಟು. 1930ರ ದಶಕದಲ್ಲಿ ಬ್ರಾಟಿಸ್ಲಾವಾದ ಬೀದಿಗಳಲ್ಲಿ ಯಹೂದಿಗಳ ಮೇಲೆ ಬಿದ್ದ ಗುಂಪುಗಳ ಜೊತೆ ಹೊಡೆದಾಡುವ ಹೊತ್ತಿಗೆ ಆ ಆಟಗಳು ಅವರ ಮೈಗೆ ಹತ್ತಿದ್ದವು. ವಿದ್ಯೆ ಕೆಟ್ಟದ್ದಲ್ಲ. ಸ್ಪಾರಿಂಗ್ ಮಾಡಿಸುವ ತರಗತಿ ಸಿಕ್ಕರೆ ಸೇರಿ. ವಾರಾಂತ್ಯದಲ್ಲಿ ಸರ್ಟಿಫಿಕೇಟ್ ಕೊಟ್ಟು ಕಳಿಸುವ ಕಡೆ ಹೋಗಬೇಡಿ.

ಆಟಗಳಲ್ಲೂ ಕೊರತೆ ಇದೆ, ಅದನ್ನೂ ಹೇಳಬೇಕು. 1988ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮೈಕ್ ಟೈಸನ್‌ಗೂ ಮಿಚ್ ಗ್ರೀನ್ ಅನ್ನುವ ಇನ್ನೊಬ್ಬ ಬಾಕ್ಸರ್‌ಗೂ ಬೀದಿಯಲ್ಲೇ ಜಗಳ ಆಯಿತು. ಗ್ರೀನ್ ಮುಖ ಊದಿತು, ಟೈಸನ್ ಬಲಗೈಯ ಮೂಳೆ ಮುರಿಯಿತು. ಆಗ ಟೈಸನ್ ವಿಶ್ವ ಹೆವಿವೇಯ್ಟ್ ಚಾಂಪಿಯನ್. ಗ್ಲೌಸ್ ಮತ್ತು ಕೈಪಟ್ಟಿ ಇಲ್ಲದೆ ತಲೆಬುರುಡೆಗೆ ಗುದ್ದಿದರೆ ಹೀಗೇ ಆಗೋದು. ಒಲಿಂಪಿಕ್ ಟೇಕ್ವಾಂಡೊದಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಅದಕ್ಕೇ ಅಲ್ಲಿ ಕೈ ಕೆಳಗಿಳಿಸುವ ಚಾಳಿ ಬರುತ್ತದೆ. ಜಿಯು-ಜಿತ್ಸುವಿನವರು ಖುಷಿಯಿಂದ ನೆಲಕ್ಕೆ ಮಲಗುತ್ತಾರೆ, ಎದುರಾಳಿಯ ಸ್ನೇಹಿತ ಪಕ್ಕದಲ್ಲೇ ನಿಂತಿದ್ದರೆ ಅದು ಆತ್ಮಹತ್ಯೆ.

ಚಾಕು ಬಂದರೆ? ಯಾವುದೂ ಕೆಲಸ ಮಾಡಲ್ಲ ಅಂತಲೇ ಅಂದುಕೊಳ್ಳಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲೇ ಬರೆದಿದ್ದರು: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಸೊಂಟದಲ್ಲಿ ಪಿಸ್ತೂಲು ಇದ್ದ ಪೊಲೀಸರಿಗೇ ಅವರು ಎಚ್ಚರಿಕೆ ಹೇಳಿದ್ದು. ಬರಿಗೈಯವರು ಪರ್ಸು ಕೊಟ್ಟುಬಿಡಿ.

ಹೆಣ್ಣುಮಕ್ಕಳು ಕೇಳುವಾಗ ಪ್ರಶ್ನೆಯೇ ಬೇರೆ, ಯಾಕೆಂದರೆ ದಾಳಿ ಮಾಡುವವನು ಹೆಚ್ಚಿನ ಸಲ ಪರಿಚಯದವನೇ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಟ್ಟು 12 ಗಂಟೆಯ ತರಬೇತಿ, ಅದರಲ್ಲಿ ಮೈಕೈ ಬಳಸಿ ತಪ್ಪಿಸಿಕೊಳ್ಳೋದು ಒಂದು ಭಾಗ ಮಾತ್ರ. ಅಪಾಯವನ್ನು ಬೇಗ ಗುರುತಿಸೋದು, ಪರಿಚಯದವನ ಮುಖಕ್ಕೆ ಹೊಡೆದಂತೆ ಬೇಡ ಅನ್ನೋದು, ಸಂಕೋಚ ಬಿಟ್ಟು ಕಿರುಚೋದು, ಇವಕ್ಕೇ ಹೆಚ್ಚು ಹೊತ್ತು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ತರಬೇತಿ ಪಡೆಯದ ಗುಂಪಿನಲ್ಲಿ ಶೇ. 9.8, ಪಡೆದ ಗುಂಪಿನಲ್ಲಿ ಶೇ. 5.2. ಯಾವ ಬ್ಲ್ಯಾಕ್ ಬೆಲ್ಟ್ ಕೂಡ ಇಂಥ ಲೆಕ್ಕ ತೋರಿಸಿದ್ದನ್ನು ನಾನು ನೋಡಿಲ್ಲ.

ಇಷ್ಟು ಬರೆದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಇದನ್ನೆಲ್ಲ ಕಲಿತರೆ ಜೀವನದಲ್ಲಿ ನಿಜವಾಗಿ ಬಳಕೆಗೆ ಬರೋದು ಯಾವುದು? ಬೀಳೋದು.

ನಗಬೇಡಿ. ಬೀದಿ ಜಗಳದಲ್ಲಿ ಸತ್ತವರಲ್ಲಿ ಎಷ್ಟೋ ಜನರ ಜೀವ ತೆಗೆದದ್ದು ಗುದ್ದಲ್ಲ, ಗುದ್ದು ತಿಂದು ಬಿದ್ದಾಗ ತಲೆಗೆ ಬಡಿದ ನೆಲ. ಜಗಳ ಬಿಡಿ, ಬರೀ ಬಿದ್ದು ಸಾಯುವವರು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಿಮಗೆ ಯಾರೂ ಯಾವತ್ತೂ ಹೊಡೆಯದೇ ಇರಬಹುದು. ಆದರೆ ನೀವು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತೀರಿ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅನ್ನುವ ಗಾದೆಯನ್ನು ನಾವು ಅಣಕಕ್ಕೆ ಬಳಸುತ್ತೇವೆ. ಜೂಡೊದಲ್ಲಿ ಅದು ನಿಜವಾಗಿಯೂ ಮೊದಲ ಪಟ್ಟು. ಹೆಸರು ಉಕೆಮಿ. ಹೊಸಬರಿಗೆ ಬೇರೇನೂ ಕೊಡದೆ ಅದನ್ನೇ ಮಾಡಿಸುತ್ತೇವೆ, ಅವರಿಗೆ ಬೇಜಾರಾಗುತ್ತದೆ, ಆಗಲಿ.

ಹಿಂದಕ್ಕೆ ಬೀಳೋದು ಹೀಗೆ. ಮೊದಲು ಗದ್ದವನ್ನು ಎದೆಗೆ ಒತ್ತಿ. ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲೆ. ಮಂಡಿ ಮಡಚಿ, ಹಿಮ್ಮಡಿಗೆ ಆದಷ್ಟು ಹತ್ತಿರ ಕುಂಡೆ ಊರಿ. ಬೆನ್ನು ಗುಂಡಗೆ ಮಾಡಿ ಹಿಂದಕ್ಕೆ ಉರುಳಿ. ಬೆನ್ನು ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರದಲ್ಲಿ, ಅಂಗೈ ಕೆಳಗಾಗಿ, ಚಾಪೆಗೆ ಬಡಿಯಿರಿ. ಬೀಳುವಾಗ ಹಿಂದಕ್ಕೆ ಕೈ ಊರಲೇಬಾರದು. ಎಲ್ಲರೂ ಮಾಡುವ ತಪ್ಪು ಅದೇ, ಮಣಿಕಟ್ಟು ಮುರಿಯೋದು ಅದರಿಂದಲೇ. ಗಟ್ಟಿ ನೆಲದ ಮೇಲೆ ಹೀಗೆ ಬಿದ್ದರೆ ಅಂಗೈ ಉರಿಯುತ್ತದೆ, ತಲೆ ಉಳಿಯುತ್ತದೆ. ಕಲಿಯುವಾಗ ಮಾತ್ರ ದಪ್ಪ ಚಾಪೆ ಬೇಕು. ಮೊದಲು ಕೂತು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ನಿಂತು ಬೀಳೋದನ್ನು ಕಲಿಸುವವರ ಕಣ್ಣೆದುರೇ ಮಾಡಿ.

ಮೂಳೆ ಸವೆದ ವಯಸ್ಸಾದವರಿಗೆ ಇದನ್ನು ಹೇಳಿಕೊಡಲು ಹೋಗಬೇಡಿ. ಅವರಿಗೆ ಬೇಕಾದ್ದು ಬೀಳದೇ ಇರೋದು. ಅದಕ್ಕೆ ಒಳ್ಳೆಯದು ತಾಯ್ ಚಿ, ನಿಧಾನ ಚಲನೆಗಳ ಚೀನೀ ವಿದ್ಯೆ. ಹೊಡೆದಾಟಕ್ಕೆ ತಾಯ್ ಚಿ ಕಲಿಯುತ್ತೀನಿ ಅಂದವರನ್ನು ನಾನು ವಾಪಸ್ ಕಳಿಸುತ್ತೇನೆ, ಅದು ಬೇರೆ ಮಾತು. ವಯಸ್ಸಾದವರು ಬೀಳೋದನ್ನು ಅದು ಕಡಿಮೆ ಮಾಡುತ್ತದೆ ಅಂತ ಸಾಕಷ್ಟು ಅಧ್ಯಯನಗಳಿವೆ. ನೀವು ಜೂಡೊ ತರಗತಿ ಹುಡುಕುವಾಗ ಅಪ್ಪ ಅಮ್ಮನಿಗೆ ಅದನ್ನೂ ವಿಚಾರಿಸಿ.