ಟ್ಯಾಗುಗಳ ನಡುವಿನ ಪದ ಹೆಕ್ಕುವ ಕೆಲಸ ಇಷ್ಟು ಗೋಜಲಾದದ್ದು ಹೇಗೆ?

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಬೇಕಾದರೆ ಪ್ರತಿ ವಿವರದ ಹಿಂದೆ ಮುಂದೆ ಅದರ ಹೆಸರಿನ ಗುರುತು, ಅಂದರೆ ಟ್ಯಾಗು, ಹಾಕುವುದು ಸಲೀಸು. ಉದಾಹರಣೆಗೆ:

<ಊರು>ಭಾಗಮಂಡಲ</ಊರು><ಮಳೆ>240</ಮಳೆ><ಊರು>ನಾಪೋಕ್ಲು</ಊರು><ಮಳೆ>115</ಮಳೆ>

ಇದರಿಂದ ಊರುಗಳನ್ನಷ್ಟೇ ಹೊರತೆಗೆಯುವುದು ಹೇಗೆ ಎಂದು ಕೇಳಿ ನೋಡಿ. ಒಂದೇ ಸಾಲಿನ ರೆಜೆಕ್ಸ್ (ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು ಹೇಳುವ ಸೂತ್ರ) ಸಾಕು ಎನ್ನುವವರಿದ್ದಾರೆ, ಅದನ್ನು ಮುಟ್ಟಲೇಬೇಡಿ, ಟ್ಯಾಗುಗಳ ರಚನೆಯನ್ನೇ ಓದಿ ಬಿಡಿಸುವ ಪಾರ್ಸರ್ ಬಳಸಿ ಎಂದು ಗದರುವವರೂ ಇದ್ದಾರೆ.

ಜಗಳದ ಬೇರು ಹಳೆಯದು. 1950ರ ದಶಕದಲ್ಲಿ ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ ಗಣಿತವಾಗಿ ಕಟ್ಟಿದ ರೆಗ್ಯುಲರ್ ಎಕ್ಸ್‌ಪ್ರೆಶನ್ 1968ರಲ್ಲಿ ಪ್ರೋಗ್ರಾಮರ್ ಕೆನ್ ಥಾಂಪ್ಸನ್ ಕೈಯಲ್ಲಿ ಪಠ್ಯ ಹುಡುಕುವ ಸಾಧನವಾಯಿತು. ಗ್ರೆಪ್, ಆಕ್ ಎಂಬ ಪಠ್ಯ ಸಾಧನಗಳು, ಪ್ರೋಗ್ರಾಮಿಂಗ್ ಭಾಷೆಗಳಾದ 1987ರ ಪರ್ಲ್, 1991ರ ಪೈಥಾನ್‌ಗಳ ಮೂಲಕ ಅದು ಮನೆಮಾತಾಯಿತು. ಟ್ಯಾಗು ಹಾಕುವ ನಿಯಮಗಳ ವಂಶವೇ ಬೇರೆ: 1986ರ ಎಸ್‌ಜಿಎಂಎಲ್, ಆಮೇಲೆ ಎಚ್‌ಟಿಎಂಎಲ್, 1998ರ ಎಕ್ಸ್‌ಎಂಎಲ್. ಒಂದರೊಳಗೊಂದು ಕೂತ ಟ್ಯಾಗುಗಳ ಆಳವನ್ನು ಎಣಿಸುವ ಶಕ್ತಿ ಕ್ಲೀನಿಯ ಮೂಲ ಸೂತ್ರಕ್ಕೆ ಇರಲೇ ಇಲ್ಲ.

ಮೊದಲ ಎಡವು ಆಸೆಬುರುಕತನದ್ದು, ಅಂದರೆ ಸೂತ್ರ ಸಿಕ್ಕಷ್ಟನ್ನೂ ಬಾಚಿಕೊಳ್ಳುವುದು. ಸೂತ್ರದಲ್ಲಿ ಚುಕ್ಕಿ ಎಂದರೆ ಯಾವುದೇ ಒಂದು ಅಕ್ಷರ, ನಕ್ಷತ್ರ ಎಂದರೆ ಅದು ಎಷ್ಟು ಸಲವಾದರೂ. ಮೇಲಿನ ಸಾಲಿಗೆ <ಊರು>(.*)</ಊರು> ಕೊಟ್ಟರೆ ಭಾಗಮಂಡಲದಿಂದ ನಾಪೋಕ್ಲುವರೆಗಿನ ಎಲ್ಲವೂ, ನಡುವಿನ ಮಳೆಯೂ ಸೇರಿ, ಒಂದೇ ತುಂಡಾಗಿ ಬರುತ್ತದೆ. 1994ರ ಪರ್ಲ್ 5 ಇದಕ್ಕೆ ಪ್ರಶ್ನಾರ್ಥಕ ಚಿಹ್ನೆ ಕೊಟ್ಟಿತು: (.*?), ಅಂದರೆ ಆದಷ್ಟು ಕಡಿಮೆ ಹಿಡಿ. ಆದರೂ ಚುಕ್ಕಿ ಸಾಲು ಮುರಿದಲ್ಲಿ ನಿಲ್ಲುತ್ತದೆ. ([^<]*), ಅಂದರೆ ಮುಂದಿನ < ಬರುವ ತನಕ ಎಲ್ಲವೂ, ಎಂದು ಬರೆದರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ. ಒಳಗೆ ಇನ್ನೊಂದು ಟ್ಯಾಗು ಇಲ್ಲದಿದ್ದರೆ ಇಷ್ಟೇ ಸಾಕು, ಗದರುವವರು ಏನೇ ಹೇಳಲಿ.

ಕನ್ನಡದ ಸಂಕಟ ಶುರುವಾಗುವುದು ಇದರ ನಂತರ. ಪದದ ಅಕ್ಷರಕ್ಕೆ ಹೊಂದುತ್ತದೆ ಎಂದು ಎಲ್ಲ ಪಾಠಗಳೂ ಹೇಳುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ (\w) ಪೈಥಾನ್‌ನ ಮೂಲ ರೆಜೆಕ್ಸ್‌ನಲ್ಲಿ ಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ. ‘ಮಡಿಕೇರಿ’ಗೆ \w+ (ಒಂದು ಅಥವಾ ಹೆಚ್ಚು ಅಕ್ಷರ) ಕೊಟ್ಟರೆ ‘ಮಡ’, ‘ಕ’, ‘ರ’ ಎಂದು ಮೂರು ಚೂರು ಸಿಗುತ್ತವೆ. ಪಠ್ಯವನ್ನು ಸರಿಯಾಗಿ ಡಿಕೋಡ್ ಮಾಡಿದ್ದರೆ (ಬೈಟುಗಳಿಂದ ಅಕ್ಷರಗಳಾಗಿ ತಿರುಗಿಸಿದ್ದರೆ) ಪರ್ಲ್‌ನಲ್ಲಿ ಈ ಪೇಚಿಲ್ಲ. ‘ಕೇ’ಯ ದೀರ್ಘ ಇನ್ನೊಂದು ಬಲೆ. ಯೂನಿಕೋಡ್‌ನಲ್ಲಿ ಅದನ್ನು ಒಂದೇ ಚಿಹ್ನೆಯಾಗಿಯೂ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಹುಡುಕುವ ಮೊದಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಎಲ್ಲ ಕಡೆ ಒಂದೇ ಬಗೆಯ ಬರಹಕ್ಕೆ, ತಂದುಕೊಳ್ಳಬೇಕು.

ಹಾಗಾದರೆ ಪಾರ್ಸರ್? ಎಚ್‌ಟಿಎಂಎಲ್ ನಿಯಮದಲ್ಲಿ ಟ್ಯಾಗಿನ ಹೆಸರು ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕು. <ಊರು> ಅದರ ಪಾಲಿಗೆ ಟ್ಯಾಗೇ ಅಲ್ಲ, ಬರೀ ಪಠ್ಯ. ತಪ್ಪೆಂದು ಕೂಗುವುದೂ ಇಲ್ಲ, ಖಾಲಿ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಎಕ್ಸ್‌ಎಂಎಲ್ ಪಾರ್ಸರ್ ಕನ್ನಡ ಟ್ಯಾಗನ್ನು ಒಪ್ಪುತ್ತದೆ, ಆದರೆ ಇಡೀ ಕಡತಕ್ಕೆ ಒಂದು ಹೊರ ಟ್ಯಾಗು ಬೇಕು, ಎಲ್ಲೋ ‘ಕಾಫಿ & ಮೆಣಸು’ ಎಂದಿದ್ದರೆ ಅಲ್ಲೇ ಮುಷ್ಕರ ಹೂಡುತ್ತದೆ. ಆ ಮುಷ್ಕರವೇ ವಾಸಿ, ಯಾವ ಸಾಲು ಎಂದಾದರೂ ತಿಳಿಯುತ್ತದೆ.

ಸದ್ದಿಲ್ಲದೆ ಕೆಡುವುದು ಜೋಡಿಸುವಾಗ. ಊರುಗಳನ್ನೊಂದು ಪಟ್ಟಿ, ಮಳೆಯನ್ನೊಂದು ಪಟ್ಟಿ ಮಾಡಿ ಆಮೇಲೆ ಕೂಡಿಸುವುದು ಎಲ್ಲರ ಅಭ್ಯಾಸ. ಯಾರೋ ಒಂದು ಕಡೆ <ಮಳೆ ಅಳತೆ="ಮಿ.ಮೀ."> ಎಂದು ಬರೆದಿದ್ದರೆ <ಮಳೆ> ಹುಡುಕುವ ಸೂತ್ರ ಅದನ್ನು ದಾಟಿಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಊರಿಗೂ ಮುಂದಿನ ಊರಿನ ಮಳೆ. ಪೈಥಾನ್‌ನ ‘ಜಿಪ್’ (ಎರಡು ಪಟ್ಟಿಗಳನ್ನು ಜೋಡಿಸುವ ಸಾಧನ) ಕೊನೆಯಲ್ಲಿ ಉಳಿದ ಊರನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಶಾಂತಳ್ಳಿಯ ಮಳೆ ಕುಶಾಲನಗರದಲ್ಲಿ ಸುರಿದಂತೆ ಕಂಡಾಗಲೇ ಅನುಮಾನ ಬರುವುದು. ಒಂದೊಂದು ಊರು-ಮಳೆ ಜೋಡಿಯನ್ನೂ <ದಾಖಲೆ> ಟ್ಯಾಗಿನೊಳಗೆ ಇಟ್ಟು, ಮೊದಲು ದಾಖಲೆಯನ್ನು ಹೆಕ್ಕಿ, ಅದರೊಳಗೆ ಊರು, ಮಳೆ ಎರಡೂ ಇವೆಯೇ ಎಂದು ನೋಡಿ ಮುಂದೆ ಹೋದರೆ, ಕೆಟ್ಟರೂ ಆ ಒಂದು ದಾಖಲೆ ಮಾತ್ರ ಕೆಡುತ್ತದೆ.