ಬದಿಯಡ್ಕದ ಧಾರಣೆ, ಬ್ಯಾಂಕಾಕ್‌ನ ಸಹಿ

ಚಾಲಿ (ಒಣಗಿಸಿ ಸುಲಿದ ಅಡಿಕೆ) ಧಾರಣೆ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಇಳಿದರೆ ಸಾಕು, ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಡಿಕೆ ಅಂಗಡಿಗಳಲ್ಲಿ ‘ಹೊರಗಿನ ಅಡಿಕೆ ಬಂತಂತೆ’ ಎಂಬ ಮಾತು ಏಳುತ್ತದೆ. ಎಲ್ಲಿಂದ ಬಂತು, ಯಾವ ಒಪ್ಪಂದದಡಿ ಬಂತು, ಸುಂಕ ಕಟ್ಟಿ ಬಂತೋ ಕಟ್ಟದೆ ಬಂತೋ ಎಂಬುದು ಮಾತ್ರ ಸಿಕ್ಕುಸಿಕ್ಕು. ಶ್ರೀಲಂಕಾ, ಆಸಿಯಾನ್ (ಆಗ್ನೇಯ ಏಷ್ಯಾದ ದೇಶಗಳ ಕೂಟ), ಭೂತಾನ್, ಮ್ಯಾನ್ಮಾರ್ ಎಲ್ಲವೂ ಒಂದೇ ಸುದ್ದಿಯೊಳಗೆ ಕಲಸಿಹೋಗಿವೆ. ಬೆಳೆಯುತ್ತಿರುವ ದೇಶಗಳ ವಿದೇಶಾಂಗ ನೀತಿ ಮನೆಯೊಳಗಿನ ರಾಜಕೀಯಕ್ಕೆ ಎಷ್ಟು ಬಾಗುತ್ತದೆ ಎಂಬುದೂ ಈ ಸಿಕ್ಕನ್ನು ಬಿಡಿಸುವಾಗಲೇ ಕಾಣುತ್ತದೆ.

ಸಂವಿಧಾನದ 7ನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 14ನೇ ವಿಷಯ ಹೊರದೇಶಗಳೊಂದಿಗಿನ ಒಪ್ಪಂದ. ರಾಜ್ಯ ಪಟ್ಟಿಯ 14ನೇ ವಿಷಯ ಕೃಷಿ. ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಪೂರ್ವಾನುಮತಿ ಬೇಕಿಲ್ಲ, ರಾಜ್ಯಗಳ ಒಪ್ಪಿಗೆಯಂತೂ ಬೇಕೇ ಇಲ್ಲ. ಹಾಗಾಗಿ ರಾಜ್ಯಗಳಿಗೆ ಉಳಿದಿರುವುದು ನಿಯೋಗ, ಪ್ರತಿಭಟನೆ ಮತ್ತು ಚುನಾವಣೆಯ ಲೆಕ್ಕಾಚಾರ.

ಸ್ವಾತಂತ್ರ್ಯದ ನಂತರ ನಾಲ್ಕು ದಶಕ ಆಮದಿನ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಧಾರಣೆ ಕುಸಿದಾಗ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಅಡಿಕೆ ಮಾರಾಟ ಸಹಕಾರಿ ಸಂಸ್ಥೆ ಕಟ್ಟಿಕೊಂಡರು. 1991ರ ನಂತರ ಬಾಗಿಲು ತೆರೆಯಿತು. ಪೋಖ್ರಾನ್ ಪರೀಕ್ಷೆ ನಡೆದ 1998ರಲ್ಲೇ, ಡಿಸೆಂಬರ್ 28ರಂದು, ಶ್ರೀಲಂಕಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದವಾಯಿತು. ನೆರೆಯವರ ವಿಶ್ವಾಸ ಗಳಿಸುವುದು ಆಗಿನ ತುರ್ತು. ಅಡಿಕೆ ತೋಟ ಯಾರ ಕಣ್ಣಿಗೂ ಬೀಳಲಿಲ್ಲ.

ಆಸಿಯಾನ್ ಒಪ್ಪಂದದ ಹೊತ್ತಿಗೆ ದೃಶ್ಯ ಬದಲಾಗಿತ್ತು. 2003ರಲ್ಲಿ ಬಾಲಿಯಲ್ಲಿ ಚೌಕಟ್ಟು ಸಿದ್ಧವಾದರೂ, ಯಾವುದಕ್ಕೆ ರಿಯಾಯಿತಿ ಇಲ್ಲ ಎಂಬ ಪಟ್ಟಿಯ ಮೇಲೆ ಆರು ವರ್ಷ ಎಳೆದಾಟ ನಡೆಯಿತು. 2005ರಲ್ಲಿ ಭಾರತ ಮುಂದಿಟ್ಟ 1,414 ವಸ್ತುಗಳು ಕೊನೆಗೆ 489ಕ್ಕೆ ಇಳಿದವು. ನೈಸರ್ಗಿಕ ರಬ್ಬರ್ ಪಟ್ಟಿಯಲ್ಲಿ ಉಳಿಯಿತು. ಕರಿಮೆಣಸು, ಕಾಫಿ, ಚಹಾ, ತಾಳೆಎಣ್ಣೆಗಳನ್ನು ‘ವಿಶೇಷ ಉತ್ಪನ್ನ’ಗಳೆಂದು ಬೇರೆ ಇಟ್ಟು ನಿಧಾನವಾಗಿ ಸುಂಕ ಇಳಿಸಲು ಒಪ್ಪಲಾಯಿತು. ಕರಿಮೆಣಸಿನ ಸುಂಕ ಹತ್ತು ವರ್ಷದಲ್ಲಿ ಶೇ. 70ರಿಂದ 50ಕ್ಕೆ, ಕಾಫಿಯದ್ದು 100ರಿಂದ 45ಕ್ಕೆ. ಲೋಕಸಭಾ ಚುನಾವಣೆ ಮುಗಿದ ಮೂರೇ ತಿಂಗಳಲ್ಲಿ, 2009ರ ಆಗಸ್ಟ್ 13ರಂದು, ಬ್ಯಾಂಕಾಕ್‌ನಲ್ಲಿ ಸಹಿ ಬಿತ್ತು. ಅಕ್ಟೋಬರ್ 2ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಎಡಪಕ್ಷಗಳು ಮಾನವ ಸರಪಳಿ ನಿಲ್ಲಿಸಿದವು. ಒಪ್ಪಂದ ಬದಲಾಗಲಿಲ್ಲ. ಆದರೆ ಕೃಷಿಯನ್ನು ಮುಟ್ಟಿದರೆ ಬೀದಿ ಬಿಸಿಯಾಗುತ್ತದೆ ಎಂಬುದು ದೆಹಲಿಗೆ ಅರ್ಥವಾಯಿತು. 2019ರ ನವೆಂಬರ್ 4ರಂದು ಅದೇ ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ (ಆಸಿಯಾನ್, ಚೀನಾ, ಜಪಾನ್ ಮೊದಲಾದ ದೇಶಗಳ ಬೃಹತ್ ವ್ಯಾಪಾರ ಒಪ್ಪಂದ) ಮಾತುಕತೆಯಿಂದ ಹಿಂದೆ ಸರಿಯಿತು. ಹೈನುಗಾರರು, ರೈತ ಸಂಘಟನೆಗಳು, ವಿರೋಧ ಪಕ್ಷಗಳು, ಆಳುವ ಪಕ್ಷದ ಸೋದರ ಸಂಘಟನೆಗಳು ಆಗ ಒಂದೇ ದನಿಯಲ್ಲಿ ಬೇಡವೆಂದಿದ್ದವು.

ಬೇರೆ ದೇಶಗಳೂ ಹೀಗೆಯೇ. ಊರಿನ ಅಡುಗೆಎಣ್ಣೆ ಬೆಲೆ ಏರಿದ್ದಕ್ಕೆ ಇಂಡೋನೇಷ್ಯಾ 2022ರ ಏಪ್ರಿಲ್ 28ರಿಂದ ಸುಮಾರು ಮೂರೂವರೆ ವಾರ ತಾಳೆಎಣ್ಣೆ ರಫ್ತನ್ನೇ ನಿಲ್ಲಿಸಿತು. ಆ ನಡುವೆ ಭಾರತವೂ ಗೋಧಿ ರಫ್ತು ನಿಲ್ಲಿಸಿತು.

ಇನ್ನು ಅಡಿಕೆ. ಸಾಮಾನ್ಯವಾಗಿ ಅದರ ಮೂಲ ಸುಂಕ ಶೇ. 100. ಅದರ ಮೇಲೆ ಕನಿಷ್ಠ ಆಮದು ಬೆಲೆ: 2017ರಲ್ಲಿ ಕಿಲೋಗೆ 251 ರೂಪಾಯಿ, 2023ರಿಂದ 351. ವಿಮೆ, ಸಾಗಣೆ ಸೇರಿ ಬಂದರಿಗೆ ಬರುವಾಗಿನ ಬೆಲೆ ಇದಕ್ಕಿಂತ ಕಡಿಮೆಯಿದ್ದರೆ ಆಮದು ನಿಷಿದ್ಧ. ಅಂದರೆ ಮೂಲ ಸುಂಕ ಸೇರಿ 702 ರೂಪಾಯಿಗಿಂತ ಕಡಿಮೆಗೆ ಅಡಿಕೆ ಒಳಗೆ ಬರುವಂತಿಲ್ಲ. ಕಾಗದದ ಮೇಲೆ ಗಟ್ಟಿ ಬೇಲಿ.

ಸೋರುವುದು ಶ್ರೀಲಂಕಾದ ರಿಯಾಯಿತಿಯಲ್ಲಿ. ಅಲ್ಲೇ ಬೆಳೆದದ್ದು ಎಂಬ ಮೂಲ ಪ್ರಮಾಣಪತ್ರವಿದ್ದರೆ ಸುಂಕವಿಲ್ಲ. ಬೇರೆಡೆಯ ಅಡಿಕೆಗೂ ಆ ಪತ್ರ ಅಂಟಿಕೊಂಡು ಬರುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. ಸುಂಕ ಸೊನ್ನೆಯಾದಾಗ ಬೆಲೆ ಹೆಚ್ಚು ತೋರಿಸಿದರೂ ಆಮದುದಾರನಿಗೆ ನಷ್ಟವಿಲ್ಲ. 200 ರೂಪಾಯಿಗೆ ಕೊಂಡ ಮಾಲನ್ನು 352 ಎಂದು ಬರೆಸಿ, ಹೆಚ್ಚುವರಿ ಹಣ ಹವಾಲಾದಲ್ಲಿ ಹಿಂದಿರುಗಿದರೆ ಕನಿಷ್ಠ ಬೆಲೆಯ ಬೇಲಿ ಇದ್ದೂ ಇಲ್ಲದಂತೆ. ಮತ್ತೊಂದು ದಾರಿ ಸುಂಕದ ಪಟ್ಟಿಯಲ್ಲಿ ಸರಕಿನ ಸಂಕೇತ ಬದಲಿಸುವುದು: ಇಡೀ ಅಡಿಕೆ 0802 80ರಡಿ ಬರುತ್ತದೆ, ಅದನ್ನೇ ಹುರಿದದ್ದು ಎಂದೋ ಸಿದ್ಧ ಸುಪಾರಿ ಎಂದೋ ತೋರಿಸಿದರೆ ನಿಯಮವೇ ಬೇರೆ. ಹುರಿದ ಅಡಿಕೆಗೂ 351ರ ಮಿತಿ ಬಿದ್ದದ್ದು 2025ರಲ್ಲಷ್ಟೇ. ಅಡಿಕೆ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯ ಕಥೆಯೂ ಇಂಥದ್ದೇ. ಅದಕ್ಕೆ 2017ರ ಕೊನೆಯಲ್ಲಿ 500 ರೂಪಾಯಿಯ ಕನಿಷ್ಠ ಬೆಲೆ ಬಂತು.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ರಾಜಕೀಯ ನಿಚ್ಚಳವಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ಪಶ್ಚಿಮ ಬಂಗಾಳದ ಗಡಿಪಟ್ಟಣ ಜೈಗಾಂವ್ ಮೂಲಕ ತರಲು ಅನುಮತಿ ಸಿಕ್ಕಿತು. ಚೀನಾದ ಗಡಿಗೆ ಅಂಟಿಕೊಂಡ ಮಿತ್ರದೇಶದ ಮುಂದೆ ಕರಾವಳಿಯ ಆತಂಕ ಹಗುರವಾಗಿ ಕಂಡಿತು. ಕರ್ನಾಟಕದ ಬೆಳೆಗಾರರು ಗಟ್ಟಿಯಾಗಿಯೇ ಆಕ್ಷೇಪಿಸಿದರು. 2023ರ ಫೆಬ್ರವರಿ 11ರಂದು ಪುತ್ತೂರಿನಲ್ಲಿ ಕ್ಯಾಂಪ್ಕೊ ಸುವರ್ಣ ಮಹೋತ್ಸವ. 14ರಂದು ಬೆಲೆ 351ಕ್ಕೇರಿಸಿದ ಅಧಿಸೂಚನೆ. ಮೇ 10ರಂದು ಕರ್ನಾಟಕದಲ್ಲಿ ಮತದಾನ.

ಆ ಮತದಾನದಲ್ಲಿ ಕಾಸರಗೋಡಿನ ಬೆಳೆಗಾರನಿಗೆ ಮತವಿರಲಿಲ್ಲ. ಕೇರಳದ ಸಂಸದರು ದೆಹಲಿಯಲ್ಲಿ ಹೆಚ್ಚಾಗಿ ದನಿ ಎತ್ತುವುದು ರಬ್ಬರ್, ತೆಂಗು, ಮೀನುಗಾರಿಕೆಗೆ. ಅಡಿಕೆಯ ಮಾತು ಬರುವುದು ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಕಡೆಯಿಂದ. ಗಡಿಯ ಈಚೆಗಿನ ತೋಟಕ್ಕೆ ಸಿಗುವ ರಕ್ಷಣೆ ಗಡಿಯಾಚೆಯ ಮತಪೆಟ್ಟಿಗೆಯ ಕೃಪೆ. ಆ ಚುನಾವಣೆ ಮುಗಿದ ಮೇಲೆ ಇಲ್ಲಿನವರ ಪರ ಮಾತಾಡುವವರು ಯಾರು ಎಂಬ ಪ್ರಶ್ನೆಯನ್ನು ಕಾಸರಗೋಡು ಗಟ್ಟಿಯಾಗಿ ಕೇಳಬೇಕಿತ್ತು.

ಕೇಳಲು ಈಗಲೂ ಜಾಗವಿದೆ. ಶ್ರೀಲಂಕಾದೊಂದಿಗಿನ ವಿಸ್ತೃತ ಒಪ್ಪಂದದ ಮಾತುಕತೆ 2023ರಲ್ಲಿ ಮತ್ತೆ ಶುರುವಾಯಿತು, ಆಸಿಯಾನ್ ಒಪ್ಪಂದದ ಮರುಪರಿಶೀಲನೆಯೂ ನಡೆದಿದೆ. ಎರಡರಲ್ಲೂ ಸರಕಿನ ಮೂಲದ ನಿಯಮ ಚರ್ಚೆಯ ವಿಷಯ. ಸುಂಕ ಏರಿಸಿ ಎಂಬ ಮನವಿಗಿಂತ, ಶ್ರೀಲಂಕಾ ನಿಜವಾಗಿ ಬೆಳೆಯುವಷ್ಟಕ್ಕೇ ವಾರ್ಷಿಕ ಮಿತಿ ಹಾಕಿ, ಅಡಿಕೆ ಇಳಿಯುವ ಬಂದರುಗಳನ್ನು ಒಂದೆರಡಕ್ಕೆ ಸೀಮಿತಗೊಳಿಸಿ ಎಂಬ ಬೇಡಿಕೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಆ ಬೇಡಿಕೆಯ ಪತ್ರ ತಿರುವನಂತಪುರದ ಮೂಲಕವೂ, ಬೆಂಗಳೂರಿನ ಮೂಲಕವೂ ದೆಹಲಿಗೆ ಹೋಗಬೇಕು.